ಹೊಂಗೆ ಸೋಪು, ಹೊಗೆ ಸೋಪು

ಸೆಪ್ಟೆಂಬರ್ ಕೊನೆ

ಎರಡು ವರ್ಷದಿಂದ ಮನೆಯಲ್ಲಿ ಸೋಪು ಮಾಡುತ್ತಿದ್ದೇನೆ. ಪಿಯು ಮಕ್ಕಳಿಗೆ ವರ್ಷ ವರ್ಷವೂ ಸಪಾನಿಫಿಕೇಶನ್ (ಎಣ್ಣೆ, ಕ್ಷಾರ ಸೇರಿ ಸೋಪಾಗುವ ಕ್ರಿಯೆ) ಪಾಠ ಮಾಡಿ ಬೇಸರ ಬಂದು, ಬೋರ್ಡಿನ ಮೇಲೆ ಬರೆಯುವುದನ್ನು ಒಂದು ಸಲ ಕೈಯಾರೆ ಮಾಡಿ ನೋಡೋಣ ಅಂತ ಶುರುವಾದದ್ದು. ಸೋಪೇನೋ ಚೆನ್ನಾಗಿಯೇ ಬರುತ್ತದೆ. ನೋಡಲು ಮಾತ್ರ ಮೈಸೂರುಪಾಕಿನ ತುಂಡು. ಕೊಟ್ಟವರೆಲ್ಲ "ಇದು ಬಟ್ಟೆಗೋ ಮೈಗೋ?" ಅಂತ ಕೇಳುತ್ತಾರೆ. ಮೇಲೆ ಹೆಸರಿದ್ದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಈ ಸಲದ ಕೆಲಸ, ಹೆಸರು ಒತ್ತುವ ಒಂದು ಕೈ ಪ್ರೆಸ್. ಹೆಸರು ಏನು ಅಂತ ಯೋಚಿಸಬೇಕಾಗಲಿಲ್ಲ: ಹೊಂಗೆ.

ಹೊಂಗೆ ಎಣ್ಣೆ ಚಳ್ಳಕೆರೆಯಿಂದ ಬರುತ್ತದೆ, ನಮ್ಮ ಸಂಬಂಧಿಕರೊಬ್ಬರು ಕ್ಯಾನಿನಲ್ಲಿ ತಂದುಕೊಡುತ್ತಾರೆ. ಅದರ ವಾಸನೆ ಬಗ್ಗೆ ಹೇಳುವುದೇನಿದೆ, ಕ್ಯಾನ್ ಮುಚ್ಚಳ ತೆಗೆದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಈಗಿನ ಅಳತೆ: ಒಂದು ಕೆಜಿ ಎಣ್ಣೆಯಲ್ಲಿ 600 ಗ್ರಾಂ ಕೊಬ್ಬರಿ ಎಣ್ಣೆ, 300 ಗ್ರಾಂ ಹೊಂಗೆ, 100 ಗ್ರಾಂ ಹರಳೆಣ್ಣೆ. ಕೊಬ್ಬರಿ ಎಣ್ಣೆ ಗ್ರಾಮಿಗೆ 0.183 ಗ್ರಾಂ ಕಾಸ್ಟಿಕ್ ಸೋಡಾ ಕೇಳುತ್ತದೆ, ಹೊಂಗೆ ಸುಮಾರು 0.133, ಹರಳೆಣ್ಣೆ 0.128. ಕೂಡಿಸಿದರೆ 162 ಗ್ರಾಂ ಚಿಲ್ಲರೆ. ನಾನು ಹಾಕುವುದು 150 ಮಾತ್ರ. ಕೊಬ್ಬರಿ ಎಣ್ಣೆ ಇಷ್ಟು ಜಾಸ್ತಿಯಾದಾಗ ಮೈ ಒಣಗುತ್ತದೆ, ಸ್ವಲ್ಪ ಎಣ್ಣೆ ಸೋಪಾಗದೆ ಹಾಗೇ ಉಳಿಯಲಿ. ಹಾಗಾದರೆ ಕೊಬ್ಬರಿ ಎಣ್ಣೆಯನ್ನೇ ಯಾಕೆ ಕಡಿಮೆ ಮಾಡಬಾರದು? ಮಾಡಿದ್ದೆ. ಹೊಂಗೆ ಜಾಸ್ತಿಯಾದರೆ ಸೋಪು ತಿಂಗಳಾದರೂ ಮೆತ್ತಗೆ ಇರುತ್ತದೆ, ಅದನ್ನು ಒತ್ತುವುದೂ ಒಂದೇ, ಹಿಟ್ಟು ನಾದುವುದೂ ಒಂದೇ.

(ಮಾಡಿ ನೋಡುವವರಿಗೆ: ಸೋಡಾವನ್ನು ನೀರಿಗೆ ಹಾಕಿ, ನೀರನ್ನು ಸೋಡಾದ ಮೇಲೆ ಸುರಿಯಬೇಡಿ. ಕೈಗವಸು, ಕನ್ನಡಕ ಇಲ್ಲದೆ ಆ ಡಬ್ಬಿ ಮುಟ್ಟಲೇಬೇಡಿ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ಬರಬಾರದು.)

ಅಕ್ಟೋಬರ್ ಮೊದಲ ವಾರ

ಲೇತ್ ಮೇಸ್ತ್ರಿ ಸಿಕ್ಕರು. ವಯಸ್ಸಾದವರು, ಚಿಕ್ಕಂದಿನಲ್ಲೇ ಹರಿಹರದ ಲೇತ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. 1941ರಲ್ಲಿ ಶುರುವಾದ ಆ ಮೈಸೂರ್ ಕಿರ್ಲೋಸ್ಕರ್ ಮುಚ್ಚಿ ಎಷ್ಟೋ ಕಾಲವಾಯಿತು, ಅಲ್ಲಿಯ ಲೇತ್ ಮಾತ್ರ ಇವರ ಶೆಡ್ಡಿನಲ್ಲಿ ಇನ್ನೂ ತಿರುಗುತ್ತಿದೆ. ನನ್ನ ಚಿತ್ರ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಟನ್ ಬೇಕ್ರಿ ಟೀಚರಮ್ಮ?"

ನನಗೂ ಅದೇ ಪ್ರಶ್ನೆ ಮುಖ್ಯ ಅನ್ನಿಸಿತ್ತು. ಸೋಪಿನ ಅಳತೆ 75 ಮಿಮೀ ಉದ್ದ, 50 ಅಗಲ, ಅಂದರೆ 37.5 ಚದರ ಸೆಂಟಿಮೀಟರ್. ಒಂದು ಟನ್ ಒತ್ತಿದರೆ ಚದರ ಸೆಂಟಿಮೀಟರಿಗೆ 27 ಕೆಜಿ ಬೀಳುತ್ತದೆ. ಅಷ್ಟು ಸಾಕೋ ಬೇಡವೋ ಇಬ್ಬರಿಗೂ ಗೊತ್ತಿಲ್ಲ. ಗುಜರಿ ಅಂಗಡಿಯಲ್ಲಿ ಮೂರು ಟನ್ನಿನ ಬಾಟಲ್ ಜಾಕ್ (ಗಾಡಿ ಎತ್ತುವ ಜಾಕ್) ಇತ್ತು, ತಂದೆವು. 75×40 ಮಿಮೀ ಕಬ್ಬಿಣದ ಚಾನೆಲ್ ಕತ್ತರಿಸಿ ಬಾಗಿಲ ಚೌಕಟ್ಟಿನ ಹಾಗೆ ವೆಲ್ಡ್ ಮಾಡಿದರು. ಬಾಟಲ್ ಜಾಕನ್ನು ತಲೆಕೆಳಗೆ ಮಾಡಿದರೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಜಾಕ್ ಕೆಳಗೆ ನೆಟ್ಟಗೆ ನಿಲ್ಲುತ್ತದೆ, ಕೆಳಗಿನ ಅಚ್ಚನ್ನು ಮೇಲಕ್ಕೆ ತಳ್ಳುತ್ತದೆ, ಮೇಲಿನ ಅಚ್ಚು ಬೋಲ್ಟ್ ಹಾಕಿ ಕೂತಿರುತ್ತದೆ.

ಅಚ್ಚು ಹಿತ್ತಾಳೆಯದು, 25 ಮಿಮೀ ದಪ್ಪ, ಒಂದೊಂದು ಸುಮಾರು 800 ಗ್ರಾಂ. ನಾಮಫಲಕ ಕೆತ್ತುವ ಒಂದು ಅಂಗಡಿಯಲ್ಲಿ ಅಕ್ಷರ ಕೊರೆಸಿದೆ. ಅಕ್ಷರ ಸೋಪಿನಲ್ಲಿ ತಗ್ಗಾಗಿ ಮೂಡಬೇಕು, ಹಾಗಾಗಿ ಅಚ್ಚಿನ ಮೇಲೆ ಉಬ್ಬಾಗಿರಬೇಕು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಎತ್ತರ ಒಂದೂವರೆ ಮಿಮೀ.

ಅಕ್ಟೋಬರ್ 19

ಮೊದಲ ಸೋಪು ಒತ್ತಿದ ದಿನ. ಜಾಕಿನ ಹಿಡಿ ಹೊಡೆಯುತ್ತಾ ಹೋದೆ. ಎಷ್ಟು ಒತ್ತಾಯಿತು ಅಂತ ಕೈಗೆ ಏನೂ ತಿಳಿಯುವುದಿಲ್ಲ. ಇದ್ದಕ್ಕಿದ್ದಂತೆ ಅಚ್ಚಿಗೂ ಸೋಪಿನ ಸುತ್ತ ಇರುವ ಚೌಕಟ್ಟಿಗೂ ನಡುವಿನ ಅರ್ಧ ಮಿಲಿಮೀಟರ್ ಸಂದಿನಿಂದ ಸೋಪು ಶಾವಿಗೆಯ ಹಾಗೆ ಸುತ್ತಲೂ ಇಳಿಯಿತು. ಮೇಸ್ತ್ರಿಗೆ ಖುಷಿಯೋ ಖುಷಿ. "ಬಲ ಐತ್ ನೋಡ್ರಿ!"

ಬಲ ಇತ್ತು. ಜಾಕ್ ಇಳಿಸಿದರೆ ಸೋಪು ಕೆಳಗೆ ಬರಲಿಲ್ಲ, ಮೇಲಿನ ಅಚ್ಚಿಗೇ ಬಾವಲಿಯಂತೆ ನೇತಾಡುತ್ತಿತ್ತು. ಚಾಕು ಹಾಕಿ ಎಬ್ಬಿಸಿದಾಗ ಅರ್ಧ ಸೋಪು ಕೈಗೆ, ಅರ್ಧ ಅಚ್ಚಿನಲ್ಲಿ. ಹನ್ನೆರಡು ಒತ್ತಿದೆ, ಹನ್ನೆರಡೂ ಹಾಗೆಯೇ. ಬಲ ಕಡಿಮೆ ಮಾಡಿದರೂ ಅಷ್ಟೇ ಅಂಟು. ಅಲ್ಲಿಗೆ ಟನ್ನಿನ ಮಾತು ನನ್ನ ಪಾಲಿಗೆ ಮುಗಿಯಿತು. ಮೇಸ್ತ್ರಿ ಮಾತ್ರ ಇನ್ನೂ ಒಂದು ವಾರ ಅದನ್ನೇ ಹಿಡಿದುಕೊಂಡಿದ್ದರು.

ನಡುವೆ ಒಂದು ದಾರಿ ತಪ್ಪಿದ್ದೂ ಬರೆದಿಡಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಸೋಪನ್ನು ತುರಿದು, ಅರೆದು, ಪ್ಲೋಡರ್ ಎಂಬ ಯಂತ್ರದ ಸ್ಕ್ರೂ ಮೂಲಕ ಉದ್ದ ದಿಂಡಾಗಿ ಹೊರಗೆ ತಳ್ಳಿ, ಕತ್ತರಿಸಿ, ಆಮೇಲೆ ಒತ್ತುತ್ತಾರೆ. ನಾನೂ ಸೋಪು ತುರಿದು ಚಕ್ಕುಲಿ ಒರಳಿನಲ್ಲಿ ಒತ್ತಿದೆ. ಒರಳು ಅಲ್ಯೂಮಿನಿಯಂದು! ಆರಿದ ಸೋಪಿನಲ್ಲೂ ಕ್ಷಾರ ಇದ್ದೇ ಇರುತ್ತದೆ ಅಂತ ಕ್ಲಾಸಿನಲ್ಲಿ ಹೇಳುವವಳು ನಾನೇ. ಒಳಗೋಡೆ ಕಪ್ಪಾಯಿತು, ಸೋಪಿಗೆ ಬೂದು ಗೀರು ಬಂತು, ಅವ್ವ ಒರಳನ್ನು ತೊಳೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಈಗ ಹೊಯ್ದು ಗಟ್ಟಿಯಾದ ಮೇಲೆ ಕತ್ತರಿಸಿದ ತುಂಡನ್ನೇ ನೇರ ಒತ್ತುತ್ತೇನೆ.

ನವೆಂಬರ್, ಗೌರಿ ಹುಣ್ಣಿಮೆ ವಾರ

ಅವ್ವ ಸಕ್ಕರೆ ಆರತಿಯ ಅಚ್ಚುಗಳನ್ನು ಹೊರಗೆ ತೆಗೆದರು. ಸಾಗವಾನಿ ಮರದವು, ಆನೆ, ಬಸವಣ್ಣ, ತೇರು. ಪಾಕ ಒಲೆ ಮೇಲಿಡುವ ಮುಂಚೆಯೇ ಅಚ್ಚುಗಳನ್ನೆಲ್ಲ ಬೋಗುಣಿಯ ನೀರಿಗೆ ಹಾಕಿದ್ದರು. ನಾನು ನೋಡುತ್ತಾ ನಿಂತಿದ್ದೆ.

"ಏನ್ ನೋಡ್ತೀಯ? ನೀರ್ ಕುಡೀದಿದ್ರೆ ಬಿಡ್ತೈತೇನು ಅಚ್ಚು? ಆನೆ ಸೊಂಡಿಲು ಅಲ್ಲೇ ಉಳಿತೈತಿ."

ಅವತ್ತು ರಾತ್ರಿಯೇ ಹಿತ್ತಾಳೆ ಅಚ್ಚಿಗೆ ನೀರು ಸವರಿ ಒತ್ತಿದೆ. ಮೊದಲನೆಯ ಸೋಪು ತಟಕ್ಕನೆ ಬಿಟ್ಟಿತು! ಎರಡನೆಯದೂ ಬಿಟ್ಟಿತು, ಆದರೆ ಅಕ್ಷರದ ಅಂಚು ಮಸುಕು. ಐದನೆಯದರ ಹೊತ್ತಿಗೆ ಅಚ್ಚಿನ ಮೇಲೆ ಲೋಳೆ. ಹಿತ್ತಾಳೆ ಮರದ ಹಾಗೆ ನೀರು ಕುಡಿಯುವುದಿಲ್ಲ, ಸೋಪು ನೀರಿನಲ್ಲಿ ಕರಗುತ್ತದೆ. ಅದು ಲೋಳೆಯಾಗದೆ ಇನ್ನೇನಾಗುತ್ತದೆ?

ಉತ್ತರ ನಾನು ಪ್ರತಿ ವರ್ಷ ಪಾಠ ಮಾಡುವ ಪುಟದಲ್ಲೇ ಇತ್ತು. ಕುದಿಸಿ ಮಾಡಿದ ಸೋಪನ್ನು ಗ್ಲಿಸರಿನ್‌ನಿಂದ ಬೇರೆ ಮಾಡಲು ಉಪ್ಪು ಹಾಕುತ್ತಾರೆ, ಉಪ್ಪುನೀರಿನಲ್ಲಿ ಸೋಪು ಕರಗದೆ ಮೇಲೆ ತೇಲುತ್ತದೆ. ಹಾಗಾದರೆ ಅಚ್ಚಿಗೆ ಸವರಬೇಕಾದದ್ದು ಉಪ್ಪುನೀರು. 100 ಮಿಲಿಗೆ 10 ಗ್ರಾಂ ಹಾಕಿ ನೋಡಿದೆ, ಲೋಳೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಕೊಬ್ಬರಿ ಎಣ್ಣೆ ಸೋಪಿನ ಹಟ ಬೇರೆ, ಅದು ಸಮುದ್ರದ ನೀರಿನಲ್ಲೂ ನೊರೆ ಕೊಡುವ ಜಾತಿ. 25 ಗ್ರಾಮಿಗೆ ಏರಿಸಿದ ಮೇಲೆ ಸಾಲಾಗಿ ಎಂಟು ಸೋಪು ಅಂಚು ಮಾಸದೆ ಹೊರಬಂದವು. ಅವ್ವನಿಗೆ ತೋರಿಸಿದೆ. "ನೀರಿಗೆ ಉಪ್ಪು ಹಾಕಿದ್ದಷ್ಟೇ ನಿಂದು" ಅಂದರು.

ಡಿಸೆಂಬರ್

ಜಾಕ್ ತೆಗೆದುಹಾಕಿದೆವು. ಅದರ ಜಾಗಕ್ಕೆ ಸನ್ನೆ (ಲಿವರ್): 900 ಮಿಮೀ ಪೈಪು, ಆಧಾರದ ಪಿನ್ನಿನಿಂದ 60 ಮಿಮೀ ದೂರದಲ್ಲಿ ಒತ್ತುವ ದಂಡ. ಒಂದಕ್ಕೆ ಹದಿನೈದು. ನಾನು 20 ಕೆಜಿ ಎಳೆದರೆ ಸೋಪಿನ ಮೇಲೆ 300 ಕೆಜಿ, ಅಂದರೆ ಚದರ ಸೆಂಟಿಮೀಟರಿಗೆ 8 ಕೆಜಿ. ಹತ್ತು ದಿನ ಆರಿದ ಸೋಪಿಗೆ ಅಷ್ಟು ಧಾರಾಳ. ಮುಖ್ಯವಾಗಿ ಈಗ ಕೈಗೆ ತಿಳಿಯುತ್ತದೆ, ಸೋಪು ಮೂಲೆ ತುಂಬಿದ ಕ್ಷಣ ಹಿಡಿ ಗಟ್ಟಿಯಾಗುತ್ತದೆ, ಅಲ್ಲೇ ನಿಲ್ಲಿಸಬೇಕು. ಚೌಕಟ್ಟಿನಿಂದ ಸೋಪು ಮೇಲೆಬ್ಬಿಸಲು ಹಳೆಯ ಹೊಲಿಗೆ ಮೆಷಿನ್ನಿನ ಪೆಡಲ್ ಜೋಡಿಸಿದ್ದು ಮೇಸ್ತ್ರಿಯ ಬುದ್ಧಿ. ಕಾಲಿನಿಂದ ತುಳಿದರೆ ಕೆಳಗಿನ ಅಚ್ಚು ಸೋಪನ್ನು ಹೊತ್ತುಕೊಂಡು ಎದ್ದುಬರುತ್ತದೆ. ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಮುಚ್ಚಿದ ಚೌಕಟ್ಟಿನಲ್ಲಿ ಹೆಚ್ಚಾದ ಸೋಪಿಗೆ ಹೋಗಲು ಜಾಗವಿಲ್ಲ. ಪ್ರತಿ ತುಂಡನ್ನೂ ತೂಗಿ, ಎರಡು ಗ್ರಾಮಿನ ಒಳಗೆ ಹೆರೆದು ಸರಿ ಮಾಡಬೇಕು. ಬೇಸರದ ಕೆಲಸ, ಟಿವಿ ಮುಂದೆ ಕೂತು ಮಾಡುತ್ತೇನೆ.

ಇನ್ನು ಸೊನ್ನೆಯ ಕಥೆ. ಉಪ್ಪುನೀರು ಬಂದ ಮೇಲೆ ಇಡೀ ಸೋಪು ಬಿಡುತ್ತಿತ್ತು, 'ಹೊಂ' ಅಕ್ಷರದ ಸೊನ್ನೆ ಮಾತ್ರ ಬಿಡುತ್ತಿರಲಿಲ್ಲ. ಅಚ್ಚಿನಲ್ಲಿ ಸೊನ್ನೆ ಅಂದರೆ ಒಂದು ಪುಟ್ಟ ಉಂಗುರ. ಅದರೊಳಗೆ ಹೊಕ್ಕ ಸೋಪಿಗೆ ಸುತ್ತಲೂ ಗೋಡೆ, ಹಿಂದೆ ಗಾಳಿ ಬರಲು ದಾರಿಯಿಲ್ಲ. ಅಚ್ಚು ಎತ್ತಿದರೆ ಆ ಗುಂಡು ಕಿತ್ತುಕೊಂಡು ಉಂಗುರದಲ್ಲೇ ಉಳಿಯುತ್ತದೆ, ಸೋಪಿನ ಮೇಲೆ ಗುಳಿ. ಇಂಗ್ಲಿಷ್ ಅಕ್ಷರದಲ್ಲಿ ಎಲ್ ಇದೆ, ಟಿ ಇದೆ, ಕಡ್ಡಿ ಇಟ್ಟ ಹಾಗೆ, ಸುಲಭಕ್ಕೆ ಬಿಡುತ್ತವೆ. ನಮ್ಮದು ಸುತ್ತು, ಕೊಂಡಿ, ಸೊನ್ನೆ, ಎಲ್ಲ ಕಡೆ ಸೋಪನ್ನು ತಬ್ಬಿಕೊಳ್ಳುವ ಲಿಪಿ.

"ಸೊನ್ನೇನ ಸ್ವಲ್ಪ ಉಜ್ಜಿ ತಗ್ಗಿಸ್ತೀನಿ ಬಿಡ್ರಿ" ಅಂದರು ಮೇಸ್ತ್ರಿ. ಅರ ಹಿಡಿದು ತಗ್ಗಿಸಿದರು. ಸೋಪು ಸಲೀಸಾಗಿ ಬಿಟ್ಟಿತು. ಮೂವತ್ತು ಒತ್ತಿ, ತಿಂಗಳು ಆರಿಸಿ, ನೆಂಟರಿಗೆಲ್ಲ ಹಂಚಿದೆ. ಎರಡು ಸಲ ಕೈ ತೊಳೆಯುವಷ್ಟರಲ್ಲಿ ಸೊನ್ನೆ ಅಳಿಸಿಹೋಗಿ ಉಳಿದದ್ದು "ಹೊಗೆ". ಚಿತ್ರದುರ್ಗದಿಂದ ಅತ್ತೆ ಫೋನ್ ಮಾಡಿ, "ಹೊಗೆ ಸೋಪು ಅಂದ್ರೆ ಸೊಳ್ಳೆಗೇನಮ್ಮ?" ಅಂತ ಕೇಳಿದರು. ಆ ಎಣ್ಣೆಯ ವಾಸನೆಗೆ ಅವರ ಅನುಮಾನ ತಪ್ಪಲ್ಲ.

ಜನವರಿ ಕೊನೆ

ಅಂಗಡಿಯಿಂದ ನಾಲ್ಕು ಬಗೆಯ ಸೋಪು ತಂದು ಲೆನ್ಸ್ ಹಿಡಿದು ನೋಡಿದೆ. ಯಾವುದರಲ್ಲೂ ಅಕ್ಷರದ ಗೋಡೆ ನೆಟ್ಟಗಿಲ್ಲ, ಎಲ್ಲವೂ ಓರೆ. ಮೈಸೂರು ಸ್ಯಾಂಡಲ್ ಸೋಪಿನ ಮೊಟ್ಟೆಯಾಕಾರವೂ ಆಗ ಬೇರೆಯಾಗಿ ಕಂಡಿತು. ಅದಕ್ಕೆ ಮೂಲೆಯೇ ಇಲ್ಲ, ಹಾಗಾಗಿ ಮುರಿಯಲು ಮೂಲೆಯಿಲ್ಲ, ಅಂಟಲೂ ಮೂಲೆಯಿಲ್ಲ. ಅದನ್ನು ಮಾಡುವ ಸರ್ಕಾರಿ ಸೋಪು ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಗಿ ನೂರು ವರ್ಷ ದಾಟಿದೆ. ಆ ಆಕಾರವನ್ನು ಚಂದಕ್ಕೆ ಮಾಡಿದರೋ ಅಚ್ಚಿಗೆ ಅನುಕೂಲ ಅಂತ ಮಾಡಿದರೋ, ನನ್ನ ಚೌಕ ಸೋಪಿನ ಮುಂದೆ ಕೂತು ಹೊಟ್ಟೆಕಿಚ್ಚು ಪಟ್ಟೆ.

ನನ್ನ ಅಚ್ಚಿನ ಅಕ್ಷರಗಳನ್ನು ಚಪ್ಪಟೆ ತುದಿಯ ಬಿಟ್‌ನಿಂದ ಕೊರೆದಿದ್ದರು, ಗೋಡೆ ತೊಂಬತ್ತು ಡಿಗ್ರಿ ನೆಟ್ಟಗೆ. ಹೊಸ ಅಚ್ಚಿಗೆ 30 ಡಿಗ್ರಿಯ, ವಿ ಆಕಾರದ ತುದಿಯ ಬಿಟ್ ಹಾಕಿಸಿದೆ, ಒಂದೊಂದು ಗೋಡೆಗೆ 15 ಡಿಗ್ರಿ ಓರೆ ಸಿಕ್ಕಿತು. ಸೊನ್ನೆಯ ಬದಲು ತುಂಬಿದ ಚುಕ್ಕಿ ಇಡೋಣ, ಒಳಗೆ ಸೋಪು ಹೋಗುವ ಮಾತೇ ಇರುವುದಿಲ್ಲ ಅಂತ ನಾನು ಹೇಳಿದೆ. ಮೇಸ್ತ್ರಿ ಒಪ್ಪಲಿಲ್ಲ. "ಚುಕ್ಕಿ ಚುಕ್ಕಿನೇ, ಸೊನ್ನೆ ಸೊನ್ನೆನೇ. ಟೀಚರಾಗಿ ಹಿಂಗಂದ್ರೆ ಹೆಂಗ್ರಿ?" ಅಂತ ಸೊನ್ನೆಯ ನಡುವೆ ಅಚ್ಚಿನ ಬೆನ್ನಿನವರೆಗೆ 0.8 ಮಿಮೀ ತೂತು ಕೊರೆದರು. ಆ ಬಿಟ್ ಕೂದಲೆಳೆಯಷ್ಟು ಸಣ್ಣದು, ಹಿತ್ತಾಳೆ 25 ಮಿಮೀ. ಹಿಂದಿನಿಂದ ದಪ್ಪ ಬಿಟ್‌ನಲ್ಲಿ 20 ಮಿಮೀ ಕೊರೆದು, ಉಳಿದ ಐದನ್ನು ಮಾತ್ರ ಸಣ್ಣದರಲ್ಲಿ ಮಾಡಿದರು. ಆದರೂ ಎರಡು ಬಿಟ್ ಮುರಿದವು.

ಈಗ ಸನ್ನೆ ಎತ್ತಿದರೆ ತೂತಿನಿಂದ ಗಾಳಿ ಒಳಬರುತ್ತದೆ, ಸೊನ್ನೆಯ ಗುಂಡು ಸೋಪಿನಲ್ಲೇ ಉಳಿಯುತ್ತದೆ. ಇಪ್ಪತ್ತರಲ್ಲಿ ಹದಿನೆಂಟು. ಕೆಟ್ಟ ಎರಡರಲ್ಲೂ ತೂತು ಕಟ್ಟಿಕೊಂಡಿತ್ತು, ಪಿನ್ನು ಚುಚ್ಚಿದೆ, ಸರಿಹೋಯಿತು.

ಮಾರ್ಚ್ 9

ಬಿಸಿಲು ಬಂತು, ಹೊಸ ತಕರಾರು ಬಂತು. ಚಳಿಗಾಲದಲ್ಲಿ ಚೆನ್ನಾಗಿ ಬಿಡುತ್ತಿದ್ದ ಅದೇ ಸೋಪು ಮಧ್ಯಾಹ್ನ ಎರಡಕ್ಕೆ ಮತ್ತೆ ಅಂಟುತ್ತದೆ. ಕಾರ್ಖಾನೆಗಳಲ್ಲಿ ಅಚ್ಚಿನೊಳಗೆ ಕೊರೆಯುವಷ್ಟು ತಣ್ಣಗಿನ ಗ್ಲೈಕಾಲ್ (ಬೇಗ ಹೆಪ್ಪುಗಟ್ಟದ ದ್ರವ) ಹರಿಸುತ್ತಾರೆ. ನಮ್ಮ ಮನೆಯಲ್ಲಿ ಫ್ರಿಜ್ಜು ಇದೆ. ರಾತ್ರಿ ಅಚ್ಚುಗಳನ್ನು ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಆರಕ್ಕೆ ತೆಗೆದು ಬಿಗಿದರೆ ಹತ್ತು ಹನ್ನೆರಡು ಸೋಪಿನವರೆಗೆ ತಂಪು ನಿಲ್ಲುತ್ತದೆ, ಆಮೇಲೆ ಅಂಟು ಶುರು. ಎರಡು ಜೊತೆ ಅಚ್ಚಿದ್ದರೆ ಬದಲಾಯಿಸುತ್ತಾ ಕೂರಬಹುದು. ಆದರೆ ಖರ್ಚು ಆಗಲೇ 9,000 ರೂಪಾಯಿ ದಾಟಿದೆ, ಅದರಲ್ಲಿ ಅರ್ಧ ಹಿತ್ತಾಳೆಗೇ ಹೋಗಿದೆ. ಸದ್ಯಕ್ಕೆ ದಿನಕ್ಕೆ ಹನ್ನೆರಡು, ಅದೂ ಕಾಲೇಜಿಗೆ ಹೊರಡುವ ಮುಂಚೆ.

ಉಪ್ಪುನೀರಿನ ಲೆಕ್ಕವೂ ಈಗ ಬರುತ್ತಿದೆ. ಅಚ್ಚು ಎತ್ತಿ ಇಳಿಸುವಾಗ ದಾರಿ ತೋರುವ 25 ಮಿಮೀ ಬ್ರೈಟ್ ಬಾರ್ (ನಯ ಮಾಡಿದ ಉಕ್ಕಿನ ಸರಳು) ಕಂಬಗಳಿಗೆ ತುಕ್ಕು ಹಿಡಿದು, ಅವುಗಳ ಮೇಲೆ ಜಾರುವ ಬುಶ್ ಬಿಗಿಯಾಗಿದೆ. ಎಣ್ಣೆ ಬಿಟ್ಟರೆ ಎಣ್ಣೆ ಸೋಪಿನ ಮೇಲೆ ತೊಟ್ಟಿಕ್ಕುತ್ತದೆ. ಕಬ್ಬಿಣದ ಅಂಶ ಸೇರಿದರೆ ಸೋಪು ಕಮಟಾಗಿ ಕಂದು ಚುಕ್ಕಿ ಬೀಳುತ್ತದೆ. ತಾಮ್ರವೂ ಹಾಗೆಯೇ, ಅದಕ್ಕೇ ಹಿತ್ತಾಳೆಗೆ ಸೋಪು ತಾಗುವುದು ಒಂದೆರಡು ಸೆಕೆಂಡ್ ಮಾತ್ರ, ಒತ್ತಿದ ತಕ್ಷಣ ಅಚ್ಚು ಒರೆಸಿ ಇಡುತ್ತೇನೆ. ಕಂಬಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಬೇಕು.

ಅಳತೆ ಬರೆದುಕೊಂಡು ಇವತ್ತು ಸಂಜೆ ಶೆಡ್ಡಿಗೆ ಹೋಗಿದ್ದೆ. ಜೊತೆಗೆ ಸೊನ್ನೆ ನೆಟ್ಟಗೆ ಮೂಡಿದ ಆರು ಸೋಪು ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಮೇಸ್ತ್ರಿ ಒಂದನ್ನು ಬಿಚ್ಚಿ, ಸೊನ್ನೆಯ ಮೇಲೆ ಉಗುರಾಡಿಸಿ ನೋಡಿ, ಮತ್ತೆ ಸುತ್ತಿ ಮನೆಗೆ ಅಂತ ಮೇಲೆತ್ತಿಟ್ಟರು.

"ಇಲ್ಲಿ ಗ್ರೀಸ್ ತೊಳಿಯಾಕೆ ಆ ಹೊಗೆ ಸೋಪು ಉಳಿದಿದ್ರೆ ಕೊಡ್ರಿ."

ಒಂಬತ್ತು ಉಳಿದಿವೆ. ಕಂಬ ತರಲು ಹೋಗುವಾಗ ಒಯ್ಯಬೇಕು.