ಮಿನರಲ್ ವೆಲ್ಸ್‌ನಲ್ಲಿ ಪಳೆಯುಳಿಕೆ ಹೆಕ್ಕಲು: ಸುತ್ತಿಗೆ ಮನೆಯಲ್ಲೇ ಇರಲಿ

ಅಮೆರಿಕದ ಟೆಕ್ಸಸ್‌ನಲ್ಲಿ ಡಾಲಸ್‌ನಿಂದ ಪಶ್ಚಿಮಕ್ಕೆ ಸುಮಾರು 80 ಮೈಲಿ, ಫೋರ್ಟ್ ವರ್ತ್ ದಾಟಿ ಮುಂದೆ ಹೋದರೆ ಮಿನರಲ್ ವೆಲ್ಸ್ ಎಂಬ ಸಣ್ಣ ಊರು. ಅಲ್ಲಿನ ಹಳೆಯ ಕಸದ ಗುಂಡಿಗೆಂದು ಮಣ್ಣು ಎತ್ತಿದ ಜಾಗವೊಂದು ಊರಾಚೆ ಹಾಗೇ ಬಿದ್ದಿತ್ತು. 20 ವರ್ಷದ ಮಳೆ ಅದನ್ನು ಕೊರೆದು ಕೊರೆದು 30 ಕೋಟಿ ವರ್ಷ ಹಿಂದಿನ ಕಡಲ ತಳವನ್ನು ಬಯಲಿಗೆ ಹಾಕಿತು. 2010ರಲ್ಲಿ ಅದೇ ಫಾಸಿಲ್ ಪಾರ್ಕ್ ಆಯಿತು. ಟಿಕೆಟ್ ಇಲ್ಲ. ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು, ಮಾರುವಂತಿಲ್ಲ.

ನಮ್ಮ ಬೆಂಗಳೂರಿನಲ್ಲಿ ಮಕ್ಕಳಿಗೆ ಇಂಥದ್ದು ತೋರಿಸೋಣವೆಂದರೆ ಆಗದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಚಿಪ್ಪು, ಮೂಳೆ ಇರುವ ಜೀವಿಯೇ ಹುಟ್ಟಿರಲಿಲ್ಲ. ಮೇಲಾಗಿ ಆ ಕಲ್ಲು ನೆಲದಾಳದಲ್ಲಿ ಬೆಂದು ಬಂದದ್ದು. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಪಳೆಯುಳಿಕೆ ದೇವರ ಕೋಣೆಯ ಸಾಲಿಗ್ರಾಮ, ಅಂದರೆ ಗಂಡಕಿ ನದಿಯ ಅಮೊನೈಟ್ (ಸುರುಳಿ ಚಿಪ್ಪಿನ ಹಳೆಯ ಕಡಲಜೀವಿ).

ಮೊದಲ ಸಲ ಹೋಗುವವರ ತಪ್ಪು ಒಂದೇ: ಅಗೆಯುವುದು. ಅಗೆಯುವ ಕೆಲಸವನ್ನು ಮಳೆ ಮಾಡಿ ಮುಗಿಸಿದೆ. ಜೇಡಿ ಮೆತ್ತಗೆ, ಪಳೆಯುಳಿಕೆ ಗಟ್ಟಿ. ಜೇಡಿ ಕೊಚ್ಚಿಹೋದ ಮೇಲೆ ಗಟ್ಟಿಯಾದದ್ದು ಮೇಲೆ ಉಳಿಯುತ್ತದೆ. ಪಿಕಾಸಿ ಬೀಸಿದರೆ ಒಳಗೆ ಇದ್ದದ್ದೂ ಪುಡಿ. ಮೋಟಾರಿನ ಉಪಕರಣಗಳಿಗಂತೂ ಅನುಮತಿಯೇ ಇಲ್ಲ. ಜೋರು ಮಳೆ ಬಂದು ಎರಡು ಮೂರು ದಿನ ಬಿಟ್ಟು ಹೋಗಿ. ಮಾರನೇ ದಿನವೇ ಹೋದರೆ ಜೇಡಿ ಶೂಗೆ ಇಟ್ಟಿಗೆಯಷ್ಟು ಮೆತ್ತಿಕೊಂಡು ಇಳಿಜಾರಿನಲ್ಲಿ ಜಾರಿಸುತ್ತದೆ. ಬೆಳಗಿನ ಓರೆ ಬಿಸಿಲು ಒಳ್ಳೆಯದು, ಸಣ್ಣ ಉಬ್ಬುಗಳಿಗೂ ನೆರಳು ಬಿದ್ದು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಎಲ್ಲ ಒಂದೇ ಬೂದುಬಣ್ಣ.

ಓಡಾಡಬೇಡಿ, ಕುಕ್ಕರಗಾಲಲ್ಲಿ ಕೂರಿ. ಒಂದು ಮೊಳ ಜಾಗವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹತ್ತು ನಿಮಿಷ ನೋಡಿ. ನೀರು ಹರಿದ ಸಣ್ಣ ಕೊರಕಲಿನ ಬುಡದಲ್ಲಿ ರಾಶಿ ಹೆಚ್ಚು. (ಈ ಕೆಲಸದಲ್ಲಿ ಆರು ವರ್ಷದವರು ಅಪ್ಪಂದಿರಿಗಿಂತ ಚುರುಕು, ಕಣ್ಣು ನೆಲಕ್ಕೆ ಹತ್ತಿರ ತಾನೆ.)

ಮೊದಲು ಸಿಗುವುದು ಕ್ರಿನಾಯ್ಡ್ ಕಾಂಡದ ಬಿಲ್ಲೆ. ಶರ್ಟಿನ ಗುಂಡಿಯಷ್ಟು ಅಗಲ, ನಡುವೆ ಉದ್ದಿನ ವಡೆಯ ಹಾಗೆ ತೂತು, ಅಂಚಿನಿಂದ ಒಳಕ್ಕೆ ಎಳೆದ ನವಿರು ಗೆರೆಗಳು. ಕೆಲವು ಕಡೆ ನಾಲ್ಕೈದು ಬಿಲ್ಲೆ ಇನ್ನೂ ಅಂಟಿಕೊಂಡು ಸ್ಕ್ರೂ ತುಂಡಿನಂತೆ ಕಾಣುತ್ತವೆ. ನೋಡಲು ಹೂವಿನ ಗಿಡದಂತಿದ್ದರೂ ಅದು ನಕ್ಷತ್ರಮೀನಿನ ನೆಂಟ, ಪ್ರಾಣಿ. ಸತ್ತ ಮೇಲೆ ಬಿಲ್ಲೆಗಳನ್ನು ಹಿಡಿದಿದ್ದ ಮಾಂಸ ಕೊಳೆತು ಎಲ್ಲ ಚೆದುರುತ್ತದೆ. ಅದಕ್ಕೇ ಬಿಲ್ಲೆ ಯಥೇಚ್ಛ, ಇಡೀ ಕ್ರಿನಾಯ್ಡ್ ಅಪರೂಪ. ಕಪ್ಪೆಚಿಪ್ಪಿನಂಥ ಬ್ರಾಕಿಯೋಪಾಡ್, ಜಾಲರಿಯಂಥ ಬ್ರಯೋಜೋವ ಕೂಡ ಸಿಗುತ್ತವೆ. ಏಡಿಯ ದೂರದ ನೆಂಟನಾದ, ಈಗ ಅಳಿದುಹೋದ ಟ್ರೈಲೋಬೈಟ್ ಸಿಕ್ಕರೆ ಹೆಚ್ಚಾಗಿ ಬಾಲದ ಭಾಗವಷ್ಟೇ, ಉಗುರಿಗಿಂತ ಚಿಕ್ಕದು. ಶಾರ್ಕ್ ಹಲ್ಲು ಅದೃಷ್ಟ.

ಒಯ್ಯಬೇಕಾದದ್ದು: ಒಬ್ಬೊಬ್ಬರಿಗೂ ಬಕೆಟ್ ಬೇಡ, ಮೊಟ್ಟೆಯ ಖಾಲಿ ಡಬ್ಬಿ ಸಾಕು, ಒಂದೊಂದು ಗುಳಿಗೆ ಒಂದೊಂದು ತುಂಡು. ಜಿಪ್ ಚೀಲ, ಹಳೆಯ ಟೂತ್‌ಬ್ರಷ್, ಮಂಡಿಗೆ ದಪ್ಪ ಬಟ್ಟೆ. ಒಂದು ಮರದ ನೆರಳೂ ಇಲ್ಲ, ಕುಡಿಯುವ ನೀರೂ ಇಲ್ಲ. ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಟೋಪಿ. ಬೇಸಿಗೆಯಲ್ಲಿ ಹತ್ತು ಗಂಟೆಗೆ ಮುಗಿಸಿ ಮೊಸರನ್ನ ಊರೊಳಗೆ ತಿನ್ನಿ. ಅದು ರ‍್ಯಾಟಲ್ ಹಾವಿನ ಸೀಮೆ: ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿ. ಹೊರಡುವ ಮುನ್ನ ತೆರೆದಿರುವ ದಿನ, ಸಮಯ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ರಾತ್ರಿಯಿಡೀ ನೆನೆಸಿ, ಮೆತ್ತಗೆ ಉಜ್ಜಿ. ಟ್ರೈಲೋಬೈಟ್ ನೆನೆಸಬೇಡಿ, ಬಿರುಕು ಬಿಟ್ಟಿದ್ದರೆ ಬಿಚ್ಚಿಕೊಳ್ಳುತ್ತದೆ. ಒಣ ಬ್ರಷ್ ಸಾಕು. ಬಿಳಿ ಆಗಲೆಂದು ವಿನೆಗರ್, ನಿಂಬೆರಸ ಹಾಕಿದರೆ ಕೊಳೆಯ ಜೊತೆ ಪಳೆಯುಳಿಕೆಯೂ ನೊರೆಯಾಗಿ ಕರಗುತ್ತದೆ, ಅದೂ ಸುಣ್ಣವೇ. ಜಾಗ, ತಾರೀಖು ಬರೆದ ಚೀಟಿಯನ್ನು ಅದೇ ರಾತ್ರಿ ಡಬ್ಬಿಯೊಳಗೆ ಹಾಕಿ.