ಗೋಡೆಯೊಳಗೊಂದು ಕೋಣೆ, ಅದರೆದುರು ಅಪ್ಪ

ಅಪ್ಪ ನಿವೃತ್ತರಾಗುವವರೆಗೂ ಪಾಲಿಟೆಕ್ನಿಕ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವರು. ಚಿತ್ರಕಲೆ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಗ ಅವರೂ ಅಮ್ಮನೂ ಬಂದಿದ್ದರು. ಫ್ಲಾರೆನ್ಸಿಗೆ ಹೋಗಿಬರೋಣ ಅಂದೆ. "ಅಲ್ಲಿ ಚರ್ಚು, ಚಿತ್ರ ಬಿಟ್ಟು ಬೇರೆ ಏನಿದೆ?" ಅಂತ ಕೇಳಿದರು. ಬೇರೆ ಏನೂ ಇಲ್ಲ, ಅದೇ ಇರೋದು ಅಂದೆ.

ರೈಲು ನಿಲ್ದಾಣಕ್ಕೂ ಅದರ ಎದುರಿಗಿರುವ ಚರ್ಚಿಗೂ ಒಂದೇ ಹೆಸರು, ಸಾಂತಾ ಮರಿಯಾ ನೊವೆಲ್ಲಾ. ಬ್ಯಾಗುಗಳನ್ನು ನಿಲ್ದಾಣದಲ್ಲಿಟ್ಟು ನೇರ ಅಲ್ಲಿಗೇ ಹೋದೆವು. ಬಿಳಿ ಹಸಿರು ಕಲ್ಲಿನ ಮುಂಭಾಗ ನೋಡಿ ಅಪ್ಪ, "ಪರವಾಗಿಲ್ಲ, ಲೆಕ್ಕ ಗೊತ್ತಿದ್ದವನು ಮಾಡಿದ್ದು" ಅಂದರು. ಮಾಡಿದವನು ಆಲ್ಬೆರ್ತಿ. ಚಿತ್ರದಲ್ಲಿ ಪರ್ಸ್ಪೆಕ್ಟಿವ್ (ಚಪ್ಪಟೆ ಮೇಲ್ಮೈಯಲ್ಲಿ ದೂರ, ಆಳ ಕಾಣಿಸುವ ವಿದ್ಯೆ) ಹೇಗೆ ಬಿಡಿಸಬೇಕು ಅಂತ 1435ರಲ್ಲಿ ಪುಸ್ತಕ ಬರೆದವನೂ ಅವನೇ. ಆದರೆ ನಾವು ನೋಡಲು ಹೋಗಿದ್ದ ಚಿತ್ರ ಆ ಪುಸ್ತಕಕ್ಕಿಂತ ಹಳೆಯದು.

ಮಸಾಚೊ ಅನ್ನೋ ಚಿತ್ರಕಾರನ 'ತ್ರಿತ್ವ', ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿದ ಒಬ್ಬ ದೇವರು. 1425ರಿಂದ 1427ರ ನಡುವೆ ಗೋಡೆಯ ಹಸಿ ಗಾರೆಯ ಮೇಲೆ ಬರೆದದ್ದು. ಆರೂವರೆ ಮೀಟರಿಗಿಂತ ಎತ್ತರ, ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಪಕ್ಕದ ಅಂಗಳದಿಂದ ಒಳಗೆ ಬಂದರೆ ಎದುರು ಗೋಡೆಯಲ್ಲಿ ಕಾಣುತ್ತದೆ. ಕಾಣುತ್ತದೆ ಅನ್ನೋದಕ್ಕಿಂತ, ಅಲ್ಲಿ ಗೋಡೆ ಇಲ್ಲ ಅನಿಸುತ್ತದೆ. ಒಂದು ಕಮಾನು, ಅದರ ಹಿಂದೆ ಉದ್ದಕ್ಕೆ ಹೋಗುವ ಅರ್ಧ ದುಂಡಗಿನ ಚಾವಣಿ, ಚಾವಣಿ ತುಂಬಾ ಕೆಂಪು ನೀಲಿ ಚೌಕಗಳು. ಒಳಗೆ ಶಿಲುಬೆಯ ಮೇಲೆ ಯೇಸು. ಅವನ ಹಿಂದೆ ನಿಂತು ಶಿಲುಬೆಯನ್ನು ಎರಡೂ ಕೈಯಲ್ಲಿ ಹಿಡಿದ ತಂದೆ ದೇವರು. ಇಬ್ಬರ ನಡುವೆ ಒಂದು ಬಿಳಿ ಪಾರಿವಾಳ, ಪವಿತ್ರಾತ್ಮ. ಪಾರಿವಾಳವನ್ನು ನಾನು ತೋರಿಸೋವರೆಗೂ ಅಮ್ಮ ಅದನ್ನು ದೇವರ ಅಂಗಿಯ ಕಾಲರ್ ಅಂದುಕೊಂಡಿದ್ದರು. ನೀವೂ ಹಾಗೇ ಅಂದುಕೊಳ್ಳುತ್ತೀರಿ, ನೋಡಿ ಬೇಕಾದರೆ.

ಶಿಲುಬೆಯ ಬುಡದಲ್ಲಿ ಒಂದು ಕಡೆ ಯೇಸುವಿನ ತಾಯಿ ಮರಿಯ, ಇನ್ನೊಂದು ಕಡೆ ಅವನ ಶಿಷ್ಯ ಯೋಹಾನ. ಕಂಬಗಳ ಆಚೆ, ಅಂದರೆ ನಮ್ಮ ಕಡೆ, ಚಿತ್ರ ಬರೆಸಿದ ಗಂಡ ಹೆಂಡತಿ ಮಂಡಿಯೂರಿದ್ದಾರೆ. ಎಲ್ಲರಿಗಿಂತ ಕೆಳಗೆ, ಎಲ್ಲರಿಗಿಂತ ಮುಂದೆ, ಒಂದು ಗೋರಿ. ಅದರ ಮೇಲೆ ಅಸ್ಥಿಪಂಜರ. ಅಲ್ಲಿ ಇಟಾಲಿಯನ್‌ನಲ್ಲಿ ಬರೆದಿದ್ದರ ಅರ್ಥ ಇಷ್ಟು: ನೀವು ಈಗ ಏನಾಗಿದ್ದೀರೋ ನಾನೂ ಅದೇ ಆಗಿದ್ದೆ, ನಾನು ಏನಾಗಿದ್ದೇನೋ ನೀವೂ ಅದೇ ಆಗುತ್ತೀರಿ. ಓದಿ ಹೇಳಿದೆ. "ಬೆಳಬೆಳಗ್ಗೆ ಇದೇನೇ ಇದು" ಅಂತ ಅಮ್ಮ ಹೋಗಿ ಬೆಂಚಿನ ಮೇಲೆ ಕೂತರು.

ಅಪ್ಪ ಮಾತಾಡಲಿಲ್ಲ. ಮುಂದೆ ಹೋದರು, ಹಿಂದೆ ಬಂದರು. ಒಂದು ಕಣ್ಣು ಮುಚ್ಚಿದರು. ನನ್ನ ಕೈಯಲ್ಲಿದ್ದ ಊರಿನ ನಕ್ಷೆ ಕಿತ್ತುಕೊಂಡು ಉದ್ದಕ್ಕೆ ಮಡಚಿ ಅದರ ಅಂಚನ್ನು ಚಾವಣಿಯ ಒಂದು ಗೆರೆಗೆ ಹಿಡಿದರು. ಆಮೇಲೆ ಎದುರು ಬದಿಯ ಗೆರೆಗೆ. ಎರಡೂ ಸೇರೋ ಜಾಗಕ್ಕೆ ಬೆರಳು ತೋರಿಸಿದರು. "ನೋಡು ಪುಟ್ಟಿ, ಎಲ್ಲಾ ಗೆರೆ ಇಲ್ಲಿಗೇ ಬರ್ತವೆ. ಶಿಲುಬೆಯ ಬುಡದ ಹತ್ತಿರ. ನನ್ನ ಕಣ್ಣಿನ ಎತ್ತರ."

ಅದೇ ಈ ಚಿತ್ರದ ಮರ್ಮ. ಗೆರೆಗಳೆಲ್ಲಾ ಸೇರುವ ಈ ಬಿಂದುವನ್ನು, ಅಂದರೆ ವ್ಯಾನಿಶಿಂಗ್ ಪಾಯಿಂಟನ್ನು, ಮಸಾಚೊ ಯೇಸುವಿನ ಮುಖದ ಮೇಲೆ ಇಡಲಿಲ್ಲ. ನೆಲದ ಮೇಲೆ ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕೆ ಇಟ್ಟ. ಹಾಗಾಗಿ ಮೇಲಿನ ಚಾವಣಿಯನ್ನು ನಾವು ಕೆಳಗಿಂದ ನೋಡುತ್ತೇವೆ, ಗೋರಿಯನ್ನು ಮೇಲಿಂದ ನೋಡುತ್ತೇವೆ. ತಲೆಯ ಮೇಲೆ ದೇವರು, ಕೆಳಗೆ ಸಾವು, ನಡುವಿನ ಗೆರೆಯ ಮೇಲೆ ನಮ್ಮ ಕಣ್ಣು. ಇದನ್ನು ಬಾಯಲ್ಲಿ ಹೇಳಿದರೆ ಪ್ರವಚನ ಆಗುತ್ತದೆ. ಅವನು ಗೆರೆ ಎಳೆದು ಮುಗಿಸಿದ್ದಾನೆ.

ಹೇಗೆ ಎಳೆದ ಅನ್ನೋದೂ ಗೊತ್ತಿದೆ. ಆ ಬಿಂದುವಿನಲ್ಲಿ ಮೊಳೆ ಹೊಡೆದು, ದಾರ ಕಟ್ಟಿ, ದಾರವನ್ನು ಹಸಿ ಗಾರೆಗೆ ಒತ್ತಿ ಗೆರೆ ಮೂಡಿಸಿಕೊಂಡಿದ್ದಾನೆ. ಆ ಗುರುತುಗಳು ಇವತ್ತಿಗೂ ಗಾರೆಯಲ್ಲಿವೆ. ಮರಿಯಳ ಮುಖದ ಮೇಲೂ ಚೌಕುಳಿ ಗೆರೆಗಳಿವೆ, ಸಣ್ಣ ಚಿತ್ರದಿಂದ ದೊಡ್ಡದಕ್ಕೆ ಇಳಿಸಲು. ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. ಮೊಳೆ, ದಾರ, ಚೌಕುಳಿ: ಅದು ಅವರ ಭಾಷೆ. ಈ ವಿದ್ಯೆಯನ್ನು ಮೊದಲು ಮಾಡಿ ತೋರಿಸಿದವನು ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ, ಮಸಾಚೊಗಿಂತ ಸ್ವಲ್ಪ ವರ್ಷ ಮುಂಚೆ, ಇದೇ ಊರಿನಲ್ಲಿ. ಹಲಗೆಯ ಮೇಲೆ ಇಲ್ಲಿನ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನ ಕೊಡುವ) ಕಟ್ಟಡ ಬರೆದು ಅದರಲ್ಲೊಂದು ತೂತು ಕೊರೆದ. ಹಲಗೆಯ ಹಿಂದಿನಿಂದ ತೂತಿಗೆ ಕಣ್ಣಿಟ್ಟು, ಮುಂದೆ ಕನ್ನಡಿ ಹಿಡಿದು ನೋಡಬೇಕು. ಆಕಾಶದ ಜಾಗಕ್ಕೆ ಬಣ್ಣ ಹಚ್ಚಲಿಲ್ಲ, ಹೊಳಪು ಕೊಟ್ಟ ಬೆಳ್ಳಿ ಹಾಕಿದ. ಅದರಲ್ಲಿ ನಿಜವಾದ ಮೋಡಗಳು ಓಡಾಡುತ್ತಿದ್ದವು. ಎಂಥ ಕಿಲಾಡಿ ಅಲ್ವಾ!

ಸ್ವಲ್ಪ ಹೊತ್ತಿಗೆ ಅಪ್ಪನ ಹುಬ್ಬು ಗಂಟಿಕ್ಕಿತು. ನನಗೆ ಆ ಹುಬ್ಬು ಗೊತ್ತು. ಹುಡುಗರ ಶೀಟಿನಲ್ಲಿ ತಪ್ಪು ಸಿಕ್ಕಿದಾಗ ಅದು ಹಾಗೆ ಗಂಟಿಕ್ಕುತ್ತಿತ್ತು.

"ದೇವರು ನಿಂತಿರೋ ಜಾಗ ಸರಿಯಿಲ್ಲ. ಕಾಲ ಕೆಳಗಿನ ಕಟ್ಟೆ ನೋಡು, ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಶಿಲುಬೆ ಮುಂದಿದೆ. ಅಲ್ಲಿ ನಿಂತವನ ಕೈ ಇಲ್ಲಿಯವರೆಗೆ ಹೇಗೆ ಬಂತು? ಅಲ್ಲದೆ ಕೆಳಗಿಂದ ನೋಡಿದರೆ ಅವನ ಮುಖ ಸ್ವಲ್ಪ ಕುಗ್ಗಬೇಕಲ್ವಾ? ಎದುರಿಗೇ ನಿಂತು ನೋಡಿದ ಹಾಗೆ ಬರೆದಿದ್ದಾನೆ."

ಅಪ್ಪ ಕಂಡುಹಿಡಿದದ್ದು ಕಲಾ ಇತಿಹಾಸದವರು ಬಹಳ ಕಾಲದಿಂದ ಜಗಳಾಡುತ್ತಿರುವ ವಿಷಯ. ಅದನ್ನು ಹೇಳಿದೆ. ಅವರಿಗೆ ಅದರಿಂದ ಸಮಾಧಾನ ಆಗಲಿಲ್ಲ. "ಇಷ್ಟು ಲೆಕ್ಕ ಹಾಕಿದವನಿಗೆ ಇದು ಗೊತ್ತಾಗಲಿಲ್ಲ ಅಂದರೆ ನಾನು ನಂಬಲ್ಲ. ಬೇಕಂತಲೇ ಮಾಡಿದ್ದಾನೆ."

ಹೊರಡೋ ಮುಂಚೆ ಬೆಂಚಿನ ಹತ್ತಿರ ಹೋದಾಗ ಅಮ್ಮ, "ಆ ಹೆಂಗಸು ನನ್ನನ್ನೇ ನೋಡ್ತಿದ್ದಾಳೆ ಕಣೇ" ಅಂದರು. ಮರಿಯ ಅಳುತ್ತಿಲ್ಲ. ವಯಸ್ಸಾದ, ಗಡುಸು ಮುಖ. ನಮ್ಮನ್ನು ನೋಡುತ್ತಾ ಮಗನ ಕಡೆ ಒಂದು ಕೈ ತೋರಿಸಿದ್ದಾಳೆ, ನೋಡಿ ಅನ್ನುವ ಹಾಗೆ. ಚಿತ್ರದಲ್ಲಿ ಒಬ್ಬರಾದರೂ ಹೊರಗೆ ನೋಡಿ, ಒಳಗೆ ನಡೆಯುತ್ತಿರೋದನ್ನು ತೋರಿಸಬೇಕು ಅಂತ ಆಲ್ಬೆರ್ತಿ ಆಮೇಲೆ ಪುಸ್ತಕದಲ್ಲಿ ಬರೆದ. ಆಗ ಮಸಾಚೊ ಇರಲಿಲ್ಲ. 1428ರಲ್ಲಿ ರೋಮಿನಲ್ಲಿ ತೀರಿಕೊಂಡಿದ್ದ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಚಿತ್ರದ ಹಣೆಬರಹವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಸುಮಾರು 1570ರಲ್ಲಿ, ಚಿತ್ರಕಾರರ ಜೀವನಚರಿತ್ರೆಗಳನ್ನು ಬರೆದ ಚಿತ್ರಕಾರ ವಸಾರಿ ಅದರ ಮುಂದೆ ಕಲ್ಲಿನ ಪೂಜಾವೇದಿಕೆ ಕಟ್ಟಿ, ತನ್ನದೊಂದು ಚಿತ್ರ ಇಟ್ಟು ಮುಚ್ಚಿಬಿಟ್ಟ. ಗೋಡೆಗೆ ತೂತು ಬಿದ್ದ ಹಾಗಿದೆ ಅಂತ ಇದೇ ಚಿತ್ರವನ್ನು ಹೊಗಳಿದವನು ಅವನು! 1860ರಲ್ಲಿ ಅದು ಮತ್ತೆ ಕಣ್ಣಿಗೆ ಬಿತ್ತು. ಮೇಲಿನ ಭಾಗವನ್ನು ಗೋಡೆಯಿಂದ ಬಿಡಿಸಿ ಬೇರೆ ಕಡೆ ಸಾಗಿಸಿದರು. ಅಸ್ಥಿಪಂಜರ ಅಲ್ಲೇ ಇದೆ ಅಂತ ಗೊತ್ತಾಗಿದ್ದು 1951ರಲ್ಲಿ. ಆಮೇಲೇ ಎರಡೂ ಒಂದಾದದ್ದು.

ಮಧ್ಯಾಹ್ನ ಉಫೀತ್ಸಿ ಮ್ಯೂಸಿಯಂ. ಜನವೋ ಜನ. ಬೊಟ್ಟಿಚೆಲ್ಲಿಯ ಚಿತ್ರಗಳ ಮುಂದೆ ಮೊಬೈಲುಗಳು ಮಾತ್ರ ಕಂಡವು, ಬಿಟ್ಟುಬಿಟ್ಟೆವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹಳೆಯ ಚಿತ್ರಗಳ ಕೋಣೆ. ಅಲ್ಲಿ ದುಚ್ಚೊ ಬರೆದ, 1285ರ ದೊಡ್ಡ ಮರಿಯಮ್ಮ ಇದ್ದಾಳೆ. ಅದೂ ಸಾಂತಾ ಮರಿಯಾ ನೊವೆಲ್ಲಾದಲ್ಲೇ ಇದ್ದದ್ದು. ಬಂಗಾರದ ಹಿನ್ನೆಲೆ, ನಡುವೆ ಸಿಂಹಾಸನ, ಅಕ್ಕಪಕ್ಕ ಮೂರು ಮೂರು ದೇವದೂತರು.

"ಇವರೆಲ್ಲಾ ಯಾವುದರ ಮೇಲೆ ಮಂಡಿಯೂರಿದ್ದಾರೆ?" ಅಂತ ಅಪ್ಪ ಕೇಳಿದರು.

ಯಾವುದರ ಮೇಲೂ ಇಲ್ಲ. ಒಬ್ಬರ ಮೇಲೊಬ್ಬರು, ಗಾಳಿಯಲ್ಲಿ. ಮರಿಯ ಅವರಿಗಿಂತ ಎಷ್ಟೋ ಪಾಲು ದೊಡ್ಡವಳು. ಇದನ್ನು 'ಆಗಿನ್ನೂ ಗೊತ್ತಿರಲಿಲ್ಲ' ಅಂತ ತಳ್ಳಿಹಾಕೋದು ನನಗೆ ಸರಿ ಅನ್ನಿಸೋದಿಲ್ಲ. ಈ ಚಿತ್ರಕ್ಕೆ ನಾವು ಎಲ್ಲಿ ನಿಂತಿದ್ದೇವೆ ಅನ್ನೋದು ಬೇಕಾಗಿಲ್ಲ. ಅವಳು ದೊಡ್ಡವಳು ಯಾಕೆಂದರೆ ಅವಳು ದೊಡ್ಡವಳು, ಅಷ್ಟೇ. ಹತ್ತಿರ ಇದ್ದಾಳೆ ಅಂತ ಅಲ್ಲ. ಹೀಗೇ ಏನೋ ಹೇಳುತ್ತಿದ್ದೆ. ಅಪ್ಪ ನಡುವೆ ತಡೆದರು.

"ಹಂಗಾದರೆ ಬೆಳಗ್ಗೆ ನೋಡಿದ ದೇವರದ್ದೂ ಇದೇ ಲೆಕ್ಕ. ಕೋಣೆ ಹೊಸದು, ಒಳಗೆ ಕೂರಿಸಿದ ದೇವರು ಹಳೆಯದು. ಮರಿಯ, ಯೋಹಾನ, ಗಂಡ ಹೆಂಡತಿ, ಎಲ್ಲರೂ ನಿಯಮಕ್ಕೆ ಸಿಕ್ಕಿಕೊಂಡಿದ್ದಾರೆ. ಅವನು ಸಿಕ್ಕಿಲ್ಲ."

ಇದಕ್ಕಿಂತ ಚೆನ್ನಾಗಿ ಯಾವ ಗೈಡೂ ಹೇಳಿದ್ದನ್ನು ನಾನು ಕೇಳಿಲ್ಲ. ದೇವರ ಮುಖಕ್ಕೂ ಅದೇ ಅಳತೆ ಹಾಕಿದ್ದರೆ ಅವನು ನಾವು ನಿಂತ ಜಾಗಕ್ಕೆ ತಕ್ಕಂತೆ ಕುಗ್ಗುತ್ತಿದ್ದ. ಎಲ್ಲಿಂದ ನೋಡಿದರೂ ಒಂದೇ ಥರ ಇರೋದು ಅವನೊಬ್ಬನಿಗೆ ಬಿಟ್ಟ ರಿಯಾಯಿತಿ. ಕೈ ಎಟಕುವುದಿಲ್ಲ ಅನ್ನೋ ತಕರಾರನ್ನು ಮಾತ್ರ ಅಪ್ಪ ಬಿಟ್ಟುಕೊಡಲಿಲ್ಲ.

ಕೊನೆಗೆ ಲಿಯೊನಾರ್ಡೊ. ಅವನು ಚಿಕ್ಕ ವಯಸ್ಸಿನಲ್ಲಿ ಬರೆದ 'ಮಂಗಳವಾರ್ತೆ', ಅಂದರೆ ಯೇಸು ಹುಟ್ಟುತ್ತಾನೆ ಅಂತ ದೇವದೂತ ಮರಿಯಳಿಗೆ ತಿಳಿಸುವ ದೃಶ್ಯ. ಅಡ್ಡಕ್ಕೆ ಎರಡು ಮೀಟರಿಗೂ ಹೆಚ್ಚು, ಎತ್ತರ ಒಂದು ಮೀಟರಿಗೆ ತುಸು ಕಮ್ಮಿ. ಎಡಕ್ಕೆ ದೇವದೂತ, ಬಲಕ್ಕೆ ಪುಸ್ತಕ ಓದುತ್ತಿರುವ ಮರಿಯ. ಎದುರು ನಿಂತು ನೋಡಿದರೆ ಅವಳ ಬಲಗೈ ಉದ್ದ ಜಾಸ್ತಿ. ಪುಸ್ತಕ ಇಟ್ಟ ಪೀಠ ಅವಳಿಗಿಂತ ಮುಂದಿದೆ, ಕೈ ಮಾತ್ರ ಹೇಗೋ ಹಾಳೆ ಮುಟ್ಟಿದೆ. "ಬಂತು ನೋಡು, ಮತ್ತೆ ಕೈ" ಅಂದರು ಅಪ್ಪ.

ಬಲಗಡೆಗೆ ಸರಿಯಿರಿ ಅಂದೆ. ಈ ಚಿತ್ರ 1867ರಲ್ಲಿ ಇಲ್ಲಿಗೆ ಬರುವ ಮೊದಲು ಊರ ಹೊರಗಿನ ಒಂದು ಮಠದಲ್ಲಿತ್ತು. ಅದನ್ನು ಬಲದಿಂದ, ಸ್ವಲ್ಪ ಕೆಳಗಿನಿಂದ ನೋಡಲೆಂದೇ ಬರೆದದ್ದು ಅಂತ ಕೆಲವರ ವಾದ. ಅಪ್ಪ ಬಲಕ್ಕೆ ಹೋದರು, ಇನ್ನೂ ಬಲಕ್ಕೆ, ಮಂಡಿ ಸ್ವಲ್ಪ ಬಗ್ಗಿಸಿದರು. ಕೈ ಕುಗ್ಗಿತು. ಪೀಠ ಹಿಂದಕ್ಕೆ ಸರಿದು ಅವಳ ಹತ್ತಿರ ಬಂತು. ಹುಲ್ಲಿನ ಮೇಲಿನ ದೇವದೂತ ದೂರ ಹೋದ. ನಾನೂ ಹೋಗಿ ಅವರ ಹಿಂದೆ ಬಗ್ಗಿದೆ. ಅಮ್ಮನೂ ಬಂದರು. ಕಾವಲಿನ ಹೆಂಗಸು ಎದ್ದು ಬಂದು, ಗೋಡೆಗೆ ಅಷ್ಟು ಹತ್ತಿರ ಬೇಡ ಅಂತ ಕೈ ಮಾಡಿದಳು. ಅಷ್ಟರಲ್ಲಿ ನಮ್ಮ ಹಿಂದೆ, ಏನು ವಿಷಯ ಅಂತ ಗೊತ್ತಿಲ್ಲದಿದ್ದರೂ ಮಂಡಿ ಬಗ್ಗಿಸಿ ನಿಂತ ಜಪಾನಿ ದಂಪತಿ ಒಬ್ಬರಿದ್ದರು. ಅಪ್ಪ ಅವರಿಗೆ ಜಾಗ ಬಿಟ್ಟು, ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಕಾಲಿಂದ ತೋರಿಸಿಕೊಟ್ಟರು.