ಅರ್ಕಾವತ್ತಿನಲ್ಲಿ ಎಡವುವ ಮಗು: ಶಿಕ್ಷಕರ ತರಬೇತಿ ಹೇಗಿರಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಓದು, ಬರಹ, ಲೆಕ್ಕದಲ್ಲಿ ಮಗುವನ್ನು ಪದೇ ಪದೇ ಎಡವಿಸುವ ಕಲಿಕಾ ನ್ಯೂನತೆಯೂ ಒಂದು. ಆದರೆ ತರಬೇತಿಯ ಮೊದಲ ದಿನವೆಲ್ಲ ಕಾಯ್ದೆಯ ಸ್ಲೈಡುಗಳಲ್ಲೇ ಕಳೆಯಬಾರದು. ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿ.

‘ಸೂರ್ಯ’ ಪದವನ್ನೇ ನೋಡಿ. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಬರಹದಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ. ಇಲ್ಲಿ ಎಡವಿದ ಮಗು ‘ಸೂಯರ’ ಎಂದು ಓದಬಹುದು. ಅದು ಸೋಮಾರಿತನವಲ್ಲ. ಶಿಕ್ಷೆಯೆಂದು ಹತ್ತು ಸಲ ಬರೆಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಚಪ್ಪಾಳೆ ತಟ್ಟುತ್ತಾ ಸೂರ್–ಯ ಎಂದು ಒಡೆದು ಹೇಳಿಸಿ, ಬಳಿಕ ಅಕ್ಷರದ ಚೀಟಿ ಜೋಡಿಸಲು ಬಿಡಿ, ಅರ್ಕಾವತ್ತಿಗೆ ಬೇರೆ ಬಣ್ಣ ಕೊಡಿ, ಬರೆಸುವುದು ಕೊನೆಗೆ. ದಿನಕ್ಕೆ 4–5 ಪದ, 10 ನಿಮಿಷ ಸಾಕು. ನೋಡಲು ಒಂದೇ ಥರ ಇರುವ ಪ–ಷ, ವ–ಮ ಜೋಡಿಗಳನ್ನು ಮಾತ್ರ ಒಂದೇ ದಿನ ಕಲಿಸಬೇಡಿ.

ಇದಕ್ಕೂ ಮೊದಲು ಕಣ್ಣು, ಕಿವಿ ತಪಾಸಣೆ ಆಗಿರಲಿ.

ಶಿಕ್ಷಕರು ಕೇಳಿಸಿಕೊಂಡರೆ ಸಾಲದು, ಜೋಡಿಯಾಗಿ ಕೂತು ಮಾಡಿ ನೋಡಬೇಕು. ಎರಡು ವಾರದ ಬಳಿಕ ಸಂಪನ್ಮೂಲ ಶಿಕ್ಷಕರು (ಇಂಥ ಮಕ್ಕಳ ಕಲಿಕೆಗೆ ನೆರವಾಗುವ ವಿಶೇಷ ಶಿಕ್ಷಕರು) ತರಗತಿಗೇ ಬಂದು ನೋಡದಿದ್ದರೆ ಚೀಟಿಗಳು ಬೀರು ಸೇರುತ್ತವೆ. ಲೆಕ್ಕ ತಪ್ಪಾದಾಗಲೂ ಪ್ರಶ್ನೆಯನ್ನು ನೀವೇ ಒಮ್ಮೆ ಓದಿ ಹೇಳಿ. ಎಷ್ಟೋ ಸಲ ಮಗು ಬಾಯಲ್ಲೇ ಸರಿಯುತ್ತರ ಹೇಳಿಬಿಡುತ್ತದೆ.